ಮೂರನೆಯ ತೂತಿನ ಉಳಿ

ಜನವರಿ 11

ಮೈದುನನಿಗೆ,

ಅಗಲದ ಉಳಿ ಮೊದಲು ಕೊಳ್ಳಬೇಕೋ ಕೊನೆಗೋ ಎನ್ನುವುದು ನಿನ್ನೆ ಅರ್ಧಕ್ಕೇ ನಿಂತಿತಲ್ಲ, ನೀನು ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಬಸ್ಸು ಬಂತು, ಕಿಟಕಿಯಿಂದ ಮೂರು ಬೆರಳು ತೋರಿಸಿದೆ. ಮೂರು ಉಳಿ ಸಾಕು ಎಂದೋ, ಮೂರು ದಿನ ಬಿಟ್ಟು ಬರೆಯುತ್ತೇನೆ ಎಂದೋ ತಿಳಿಯಲಿಲ್ಲ. ಫೋನು ಮಾಡೋಣವೆಂದರೆ ನಲವತ್ತು ವರ್ಷ ಮೋಟಾರಿನ ಪಕ್ಕ ನಿಂತ ನಿನ್ನ ಕಿವಿಗೆ ಅದೆಲ್ಲ ಬರೀ ಗುಂಯ್. ಆದ್ದರಿಂದ ಕಾಗದ.

ನಮ್ಮ ನಡುವಿನ ಪತ್ರಗಳನ್ನು ಇಷ್ಟು ವರ್ಷ ನಿನ್ನಕ್ಕನೇ ಬರೆದಳು. ಕೊನೆಗೆ ‘ಇವರೂ ಕೇಳಿದ್ದಾರೆ’ ಎಂದು ನನ್ನ ಪಾಲಿನ ಒಂದು ಸಾಲು. ಅವಳು ಹೋಗಿ ಎಂಟು ತಿಂಗಳಾಯಿತು, ಈಗ ಆ ಒಂದು ಸಾಲಿನವನೇ ಇಡೀ ಪತ್ರ ಬರೆಯಬೇಕಾಗಿದೆ. ಅಕ್ಷರ ಕೋಳಿಕಾಲು ಎಂದು ನಗಬೇಡ. ನಿನ್ನ ಒಂದು ಕಣ್ಣಿಗೆ ಕಷ್ಟವಾಗದಿರಲೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ, ದೊಡ್ಡದಾಗಿ ಬರೆದರೆ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ.

ನಡುಕದ ವಿಷಯ ನಿನಗೆ ಹೇಳಿದೆ. ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಆಡುತ್ತದೆ. ಡಾಕ್ಟರು ಇದು ಆ ದೊಡ್ಡ ಕಾಯಿಲೆಯಲ್ಲ, ಕೈಗೆ ಕೆಲಸ ಕೊಡಿ ಎಂದರು. ಮೇಲಿನ ಮಹಡಿಯಲ್ಲಿರುವ ಮಗಳು ಸ್ವೆಟರ್ ಹೆಣೆಯಿರಿ ಎಂದಳು. ನನಗೆ ತೋಚಿದ್ದು ಹಿಂದಿನ ಕೋಣೆಯ ಮರ ಕಡೆಯುವ ಲೇತ್. ಮಾವನವರ ಅಂಗಡಿ ಮುಚ್ಚಿದಾಗ ನಿನ್ನಕ್ಕನ ಪಾಲಿಗೆ ಬಂದ ಆ ಚಿಕ್ಕ ಲೇತ್ ಅಂದಿನಿಂದ ಹೊದಿಕೆ ಹೊದ್ದುಕೊಂಡೇ ಇದೆ. ನೀನು ಮೊನ್ನೆ ಹೊದಿಕೆಯ ಮೇಲಿಂದಲೇ ತಡವಿ ‘ಇನ್ನೂ ಇಟ್ಟಿದೀರಾ ಭಾವ’ ಎಂದೆಯಲ್ಲ, ನೀನು ಹೋದ ಮೇಲೆ ಅದನ್ನು ತೆಗೆದೆ. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಹೊದಿಕೆ ಮತ್ತೆ ಹೊದಿಸಿ ಬಂದು ಕೂತೆ.

ನಿನ್ನ ಎಡಗಣ್ಣು ಹೋದ ದಿನದಿಂದ ಮೂವತ್ತಾರು ವರ್ಷ ನಾನು ಉಳಿ ಹಿಡಿದಿಲ್ಲ. ಅದರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಆಗಲೇ ನಿನ್ನಕ್ಕನ ಕೈಯಲ್ಲಿ ಬರೆಸಿದೆ, ನೀನು ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಉತ್ತರ ಬರೆದೆ. ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವುದಿಲ್ಲ. ಆ ಉತ್ತರ ಒಂದಿಲ್ಲದಿದ್ದರೆ ಇವತ್ತು ನಿನ್ನನ್ನು ಉಳಿಯ ವಿಷಯ ಕೇಳುವ ಮುಖವೂ ನನಗಿರುತ್ತಿರಲಿಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು, ವೇರ್ ದೇರ್ ಈಸ್ ಎ ವಿಲ್, ದೇರ್ ಈಸ್ ಎ... ಮುಂದೆ ಏನೋ ಇದೆ. ಎರಡು ವರ್ಷದ ಕಾಲೇಜಿನಲ್ಲಿ ಎಲ್ಲವೂ ಅರ್ಧರ್ಧವೇ ಉಳಿದಿವೆ. ಯಾವ ಉಳಿ ಕೊಳ್ಳಲಿ, ಬರೆ.

ನಿನ್ನ ಭಾವ


ಜನವರಿ 19

ಭಾವನವರಿಗೆ,

ಮೂರು ಅಂದರೆ ಮೂರು ಉಳಿ.

ಒಂದು, ಅಗಲದ ಉಳಿ. ಚೌಕ ಮರವನ್ನು ದುಂಡು ಮಾಡಲು. ಇನ್ನೊಂದು ಸಣ್ಣ ದುಂಡುಬಾಯಿ, ಕೊರಳು ಸೊಂಟ ತೆಗೆಯಲು. ಮತ್ತೊಂದು ತುಂಡರಿಸುವ ಉಳಿ. ಓರೆಬಾಯಿ ಬೇಡ. ಅದು ಹೊಸಬರನ್ನು ಕೂಡಲೇ ಕಚ್ಚುತ್ತದೆ, ಹಳಬರನ್ನು ಕಾದು ಕಚ್ಚುತ್ತದೆ. ಬಟ್ಟಲ ಉಳಿಯೂ ಬೇಡ, ಈ ವರ್ಷ ನೀವು ಬಟ್ಟಲು ಕಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ ಮಾರುತ್ತಾರಲ್ಲ, ಆ ಸೆಟ್ಟು ಬೇಡವೇ ಬೇಡ. ಅದರಲ್ಲಿ ಅರ್ಧ ಉಳಿಗಳು ನೋಡಲು, ಅರ್ಧ ತೋರಿಸಲು.

ಉಳಿಗೆ ಮೊದಲು ಸಾಣೆ ಯಂತ್ರ ತೆಗೆದುಕೊಳ್ಳಿ. ಹರಿತವಾದ ಉಳಿ ಹೇಳಿದ ಮಾತು ಕೇಳುತ್ತದೆ. ಮೊಂಡು ಉಳಿಯನ್ನು ಒತ್ತಬೇಕಾಗುತ್ತದೆ, ಒತ್ತಿದಾಗಲೇ ಅನಾಹುತ. ಮುಖ ಪೂರ್ತಿ ಮುಚ್ಚುವ ಮುಸುಕು ತೆಗೆದುಕೊಳ್ಳಿ, ಕನ್ನಡಕ ಸಾಲದು. ಈ ಮಾತು ಯಾರು ಹೇಳುತ್ತಿದ್ದಾನೆ ನೋಡಿ.

ನೀವಾಗಿಯೇ ಬರೆದದ್ದು ನೋಡಿ ಖುಷಿಯಾಯಿತು. ಅಕ್ಕ ಇದ್ದಾಗ ನಿಮ್ಮ ಅಕ್ಷರ ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಕೋಳಿಕಾಲಲ್ಲ, ಕೊಕ್ಕರೆಕಾಲು.

ನಿಮ್ಮ ಮೈದುನ


ಫೆಬ್ರವರಿ 2

ಮೈದುನನಿಗೆ,

ಬಯ್ಯುವುದಾದರೆ ಈಗಲೇ ಬಯ್ದುಬಿಡು. ಪೆಟ್ಟಿಗೆಯ ಸೆಟ್ಟೇ ತಂದೆ. ಎಂಟು ಉಳಿ.

ಹೋದದ್ದು ಮೂರಕ್ಕೇ. ಉಪಕರಣದಂಗಡಿ ನಮ್ಮ ರಸ್ತೆಯ ಕೊನೆಯಲ್ಲಿ, ಬೀಗ ರಿಪೇರಿಯವನ ಪಕ್ಕ. ಅಂಗಡಿಯವನು ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಸಣಕಲ ಆಸಾಮಿ. ಯಜಮಾನರಿಗೆ ಕೆಲಸ ಹೊಸದೋ ಎಂದು ಕೇಳಿದ. ಹಳೆಯದೇ, ನಡುವೆ ಮೂವತ್ತಾರು ವರ್ಷ ರಜೆ ಎಂದೆ. ‘ಹಾಗಾದ್ರೆ ಹೊಸಬರಿಗಿಂತ ಕಷ್ಟ ನಿಮ್ದು. ಹೊಸಬ ಹೆದರ್ತಾನೆ, ಕೇಳ್ತಾನೆ. ನಿಮ್ಮಂಥವರು ಗೊತ್ತು ಅಂತ ಶುರು ಮಾಡ್ತಾರೆ’ ಎಂದ. ನಾನು ಹೆದರುವುದರಲ್ಲಿ ಯಾವ ಹೊಸಬನಿಗೂ ಕಡಿಮೆಯಿಲ್ಲ ಎಂದು ಹೇಳಬೇಕೆನಿಸಿತು.

ಒಂದೊಂದನ್ನೇ ಕೈಗೆ ಕೊಟ್ಟ. ಅಗಲದ ಉಳಿ ಹಿಡಿದಾಗ ಹಿಡಿಯ ತೂಕ ಅಂಗೈಗೆ ಗುರುತು ಸಿಕ್ಕಿತು, ಹಳೆಯ ಪರಿಚಯದವರು ಸಂತೆಯಲ್ಲಿ ಹೆಗಲು ಮುಟ್ಟಿದ ಹಾಗೆ. ಅಷ್ಟರಲ್ಲಿ ಅವನು ಉಕ್ಕಿನ ಗುಣಗಾನಕ್ಕಿಳಿದ. ಇದು ಹಳೆಯ ಕಾಲದ ಉಕ್ಕಲ್ಲವಂತೆ, ಸಾಣೆ ಹಿಡಿಯುವಾಗ ಬಿಸಿಯೇರಿ ಬಾಯಿ ನೀಲಿಗಟ್ಟಿದರೂ ಹದ ಹೋಗುವುದಿಲ್ಲವಂತೆ.

ನೀಲಿಗಟ್ಟಿದರೂ ಏನೂ ಆಗುವುದಿಲ್ಲವೇ ಎಂದು ಕೇಳಿದೆ. ಇಲ್ಲ ಎಂದ. ಮತ್ತೆ ಕೇಳಿದೆ. ಮತ್ತೆ ಇಲ್ಲ ಎಂದ.

ನಮ್ಮ ಕಾಲದಲ್ಲಿ ಹಾಗಿರಲಿಲ್ಲವಲ್ಲ. ಸಾಣೆಗೆ ಒತ್ತಿ ಹಿಡಿದು ಒಂದು ಗಳಿಗೆ ಮೈಮರೆತರೆ ಬಾಯಂಚಿನಲ್ಲಿ ನೀಲಿ ಪಟ್ಟೆ ಹರಿಯುತ್ತಿತ್ತು, ಅಲ್ಲಿಗೆ ಉಕ್ಕು ತವರವಾದಂತೆ. ಮಾವನವರು ಹಾಗೆ ಸುಟ್ಟವನ ಜೊತೆ ಮೂರು ದಿನ ಮಾತಾಡುತ್ತಿರಲಿಲ್ಲ. ಈಗ ನೀಲಿ ಬಂದರೆ ಒರೆಸಿ ಮುಂದುವರಿಯಬಹುದಂತೆ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವನು ನೀರು ತರಿಸಿದ, ಬಿಸಿಲಿಗೆ ಬಂದಿರಬೇಕು ಅಂದ. ಎದ್ದು ಬೇಗ ಹೊರಡಬೇಕೆನ್ನುವ ಗಡಿಬಿಡಿಯಲ್ಲಿ ಅವನು ಕಟ್ಟಿಕೊಟ್ಟದ್ದನ್ನು ತಂದೆ. ಮನೆಗೆ ಬಂದು ಬಿಚ್ಚಿದರೆ ಎಂಟು.

ಮಗಳು ಪೆಟ್ಟಿಗೆ ನೋಡಿ ತನ್ನ ಗಂಡನನ್ನು ಕರೆದು ತೋರಿಸಿದಳು. ‘ಇನ್ಮೇಲೆ ದಿನಾ ಸಂಜೆ ಅಪ್ಪನ ಬೆರಳು ಎಣಿಸೋ ಕೆಲಸ ನಿಮ್ದು’ ಎಂದಳು. ಅಳಿಯ ಪಾಪದವನು, ಅಂದು ಸಂಜೆ ನಿಜವಾಗಿಯೂ ನನ್ನ ಕೈ ನೋಡಿದ.

ಸಾಣೆ ಯಂತ್ರವನ್ನೂ ಮುಸುಕನ್ನೂ ತಂದಿದ್ದೇನೆ. ಎಂಟರಲ್ಲಿ ಯಾವುದನ್ನು ಮುಟ್ಟಲಿ, ಯಾವುದನ್ನು ಬಿಡಲಿ?

ನಿನ್ನ ಭಾವ


ಫೆಬ್ರವರಿ 9

ಭಾವನವರಿಗೆ,

ಬಯ್ಯುವುದಿಲ್ಲ. ನಾನು ಸ್ವಂತ ಅಂಗಡಿ ಹಾಕಿದಾಗ ತಂದದ್ದು ಹನ್ನೆರಡು. ಆರು ಇವತ್ತಿಗೂ ಎಣ್ಣೆ ಕಾಗದದಲ್ಲಿವೆ.

ನಾನು ಹೇಳಿದ ಮೂರನ್ನು ಹೊರಗಿಡಿ. ಉಳಿದ ಐದನ್ನು ಮಗಳ ಕೈಗೆ ಕೊಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಲು ಹೇಳಿ. ಬೆಲ್ಟು ನಿಧಾನದ ಗಾಲಿಯ ಮೇಲಿರಲಿ. ಮರ ಸಿಕ್ಕಿಸಿದ ಮೇಲೆ ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿ. ಗುಂಡಿ ಒತ್ತುವಾಗ ಮರದ ನೇರಕ್ಕೆ ನಿಲ್ಲಬೇಡಿ. ಉಳಿಯನ್ನು ಮೊದಲು ಆಸರೆ ಪಟ್ಟಿಯ ಮೇಲಿಡಿ, ಆಮೇಲೆ ಉಳಿಯ ಬೆನ್ನು ಮರಕ್ಕೆ ತಾಗಲಿ, ಕೊನೆಗೆ ಬಾಯಿ. ಬೆನ್ನು ತಾಗದೆ ಬಾಯಿ ಹಾಕಿದರೆ ಕಚ್ಚುತ್ತದೆ. ಮನುಷ್ಯರ ಹಾಗೆಯೇ.

ಒಂದು ಮಾತು ಎಷ್ಟು ಸಲ ಹೇಳಿದರೂ ಕಡಿಮೆ. ಅಗಲದ ಉಳಿಯನ್ನು ಬಟ್ಟಲಿಗೆ ಯಾವತ್ತೂ ತಾಗಿಸಬೇಡಿ. ಅದರ ಬಾಯಿ ದೊಡ್ಡದು, ಆದರೆ ಹಿಡಿಯೊಳಗೆ ಹೋಗುವ ಬಾಲ ತೆಳ್ಳಗೆ. ಬಟ್ಟಲಿನಲ್ಲಿ ಮರದ ಎಳೆ ಅಡ್ಡ ಬಂದು ಅದನ್ನು ಎಳೆದುಕೊಳ್ಳುತ್ತದೆ, ಬಾಲ ಮುರಿಯುತ್ತದೆ. ನಿಮಗೆ ಗೊತ್ತಿಲ್ಲದ್ದೇನಲ್ಲ, ನನ್ನ ಕಣ್ಣು ಹೋದ ದಿನ ನೀವೂ ಅಲ್ಲೇ ಇದ್ದಿರಿ. ಅಪ್ಪ ಉಳಿಗಳನ್ನು ನಿಲ್ಲಿಸುತ್ತಿದ್ದ ಹಲಗೆಯಲ್ಲಿ ಅಗಲದ ಉಳಿಯ ಎರಡನೆಯ ತೂತಿಗೂ ಬಟ್ಟಲ ಉಳಿಯ ಮೂರನೆಯ ತೂತಿಗೂ ನಡುವೆ ನಾಲ್ಕು ಬೆರಳು ಜಾಗ. ಅಷ್ಟನ್ನು ನನ್ನ ಕೈ ತಪ್ಪಿತು. ಅಪ್ಪ ಸಾಯುವವರೆಗೂ ನನ್ನನ್ನು ಕರೆದದ್ದು ‘ತೂತು ತಪ್ಪಿದವನು’ ಎಂದೇ. ಗಿರಾಕಿಗಳೆದುರಿಗೂ. ಅವರು ಹೇಳಿದ್ದು ಸುಳ್ಳಲ್ಲವಲ್ಲ, ನಾನೇ ಮಾಡಿಕೊಂಡದ್ದು. ಅವತ್ತಿನಿಂದ ನಾನು ನೋಡದೆ ಉಳಿ ಎತ್ತಿಲ್ಲ. ಒಂದು ಕಣ್ಣಿನವನು ಎಡಕ್ಕೆ ನೋಡಬೇಕೆಂದರೆ ಪೂರ್ತಿ ತಲೆ ತಿರುಗಿಸಬೇಕು. ದಿನಕ್ಕೆ ಇನ್ನೂರು ಸಲ. ಕತ್ತು ನೋವಿಗೆ ಎಣ್ಣೆ ಹಚ್ಚುವಾಗಲೆಲ್ಲ ಕೈಯನ್ನೇ ಬಯ್ದುಕೊಳ್ಳುತ್ತೇನೆ.

ಮಾರ್ಚ್ ಕೊನೆಗೆ ಬರುತ್ತೇನೆ, ಎರಡು ವಾರ ಇರುತ್ತೇನೆ. ಉಳಿ ನಿಲ್ಲಿಸುವ ಹಲಗೆಯೊಂದನ್ನು ಮಾಡಿ ತರುತ್ತೇನೆ, ಮೂರೇ ತೂತಿನದು. ಅಕ್ಕ ಹೋದ ಮೇಲೆ ನನಗೂ ಹೋಗಿ ಕೂರಲು ಒಂದು ಮನೆ ಅಂತ ಉಳಿದಿಲ್ಲ. ನೀವು ಲೇತ್ ಶುರು ಮಾಡಿದ್ದು ನನಗೂ ನೆಪವಾಯಿತು.

ನಿಮ್ಮ ಮೈದುನ


ಮಾರ್ಚ್ 3

ಭಾವನವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಬೆರಳಿಗೇನಾದರೂ ಆಯಿತೋ, ಇಲ್ಲ ನನ್ನ ಬುದ್ಧಿವಾದ ಹೆಚ್ಚಾಯಿತೋ ತಿಳಿಯದು. ಅಕ್ಕನಾಗಿದ್ದರೆ ಜ್ವರ ಬಂದರೂ ಒಂದು ಕಾರ್ಡು ಹಾಕುತ್ತಿದ್ದಳು. ನಾನು ಬರುವುದು ಭಾರವಾಗುವುದಾದರೆ ಹಾಗೆಂದೇ ಬರೆಯಿರಿ, ಬೇಸರವಿಲ್ಲ.

ಹಲಗೆ ಆಗಿದೆ.

ನಿಮ್ಮ ಮೈದುನ


ಮಾರ್ಚ್ 7

ಮೈದುನನಿಗೆ,

ಬೆರಳುಗಳು ಹತ್ತೂ ಇವೆ. ನೀನು ಬರುವುದು ಭಾರವಲ್ಲ, ಆ ಮಾತು ಇನ್ನೊಮ್ಮೆ ಬರೆಯಬೇಡ. ನಿನ್ನ ಪತ್ರ ಬಂದ ದಿನದಿಂದ ನನಗೆ ಸರಿಯಾಗಿ ಅನ್ನ ಸೇರುತ್ತಿಲ್ಲ ಎಂದು ಬರೆದರೆ ನಿನಗೆ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ಲೇತ್ ವಿಷಯ ಬರೆಯುತ್ತೇನೆ.

ಕಳೆದ ಭಾನುವಾರ ಮಧ್ಯಾಹ್ನ ಮಗಳ ಮನೆಯವರು ಹೊರಗೆ ಹೋಗಿದ್ದರು. ಎರಡು ಅಂಗುಲದ ಚೌಕ ತುಂಡೊಂದನ್ನು ಸಿಕ್ಕಿಸಿದೆ. ನೀನು ಹೇಳಿದಂತೆ ಕೈಯಲ್ಲಿ ತಿರುಗಿಸಿದೆ, ಒಂದಲ್ಲ, ಹನ್ನೊಂದು ಸಲ. ಮುಸುಕು ಹಾಕಿಕೊಂಡೆ. ಒಳಗೆ ನನ್ನ ಉಸಿರೇ ನನಗೆ ಬೇರೆ ಯಾರದೋ ಉಸಿರಿನಂತೆ ಕೇಳುತ್ತಿತ್ತು, ಹಿಂದೆ ಯಾರೋ ನಿಂತಿದ್ದಾರೆಂದು ಎರಡು ಸಲ ತಿರುಗಿ ನೋಡಿದೆ. ಪಕ್ಕಕ್ಕೆ ನಿಂತು ಗುಂಡಿ ಒತ್ತಿದೆ.

ಆ ಸದ್ದು ನನಗೆ ಮರೆತಿರಲಿಲ್ಲ. ಚೌಕ ಮರ ಗಾಳಿಯನ್ನು ಬಡಿಯುತ್ತದಲ್ಲ, ಗರಗರ ಎಂದು, ಅಂಚುಗಳು ನೆರಳಿನಂತೆ ಮಸುಕಾಗಿ ನಡುವೆ ಮಾತ್ರ ಗಟ್ಟಿ ಮರ ಕಾಣುತ್ತದಲ್ಲ. ಆ ಮಸುಕಿನೊಳಗೆ ಉಳಿ ಹಾಕಬೇಕು. ಅಗಲದ ಉಳಿಯನ್ನು ಆಸರೆಯ ಮೇಲಿಟ್ಟೆ. ಹೆಬ್ಬೆರಳು ಆಡಲಾರಂಭಿಸಿತು. ಬೆನ್ನು ತಾಗಿಸುವ ಮೊದಲೇ ಬಾಯಿ ತಾಗಿತು. ಕಚ್ಚಿತು. ಹಿಡಿ ಪಕ್ಕೆಲುಬಿಗೆ ಬಡಿಯಿತು, ಚಕ್ಕೆಯೊಂದು ಸಿಡಿದು ಗೋಡೆಗೆ ಹೊಡೆಯಿತು. ಅಷ್ಟೇ. ಅಂಗುಲದಷ್ಟು ಚಕ್ಕೆ, ನಾಯಿಯೂ ತಲೆಯೆತ್ತಿ ನೋಡದಂಥ ಸದ್ದು. ನಾನು ಉಳಿ ಬಿಸಾಡಿ, ಲೇತ್ ತಿರುಗುತ್ತಿರುವಾಗಲೇ ಹಿತ್ತಲಿಗೆ ಓಡಿದೆ.

ಬಟ್ಟೆ ಒಣಗಿಸುವ ತಂತಿಯ ಕೆಳಗೆ ಮುಸುಕು ಹಾಕಿಕೊಂಡೇ ನಿಂತಿದ್ದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, ‘ಏನ್ರೀ, ಬೆಸುಗೆ ಹಾಕ್ತಿದೀರಾ?’ ಎಂದಳು. ಹೌದು ಎಂದೆ. ಒಳಗೆ ಲೇತ್ ತಿರುಗುತ್ತಲೇ ಇತ್ತು. ಅದರ ಮುಂದೆ ಹಾದು ಗುಂಡಿ ಒತ್ತುವ ಧೈರ್ಯ ಬರದೆ, ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚನ್ನು ಹೊರಗಿನಿಂದಲೇ ಕೈ ತೂರಿಸಿ ಆರಿಸಿದೆ. ನಿಂತ ಮೇಲೂ ಒಳಗೆ ಹೋಗಲು ಅರ್ಧ ಗಂಟೆ ಬೇಕಾಯಿತು.

ಕಣ್ಣಿಗೆ ಏಟು ಬೀಳುತ್ತದೆಂದು ಹೆದರಿದ್ದಲ್ಲ. ಅದನ್ನು ಹೇಗೆ ಬರೆಯಲಿ. ಒಂದು ವಿಷಯ ಕೇಳುತ್ತೇನೆ, ಕೇಳಿದ್ದಕ್ಕಷ್ಟೇ ಉತ್ತರ ಬರೆ. ನಿನ್ನ ಕಣ್ಣು ಹೋದ ವರ್ಷ, ನಾವು ಈ ಊರಿಗೆ ಬಂದ ಮೇಲೆ, ನಿನ್ನಕ್ಕ ನಿನಗೊಂದು ದೊಡ್ಡ ಪತ್ರ ಬರೆದಳು. ನೀನು ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಬರೆದದ್ದು ಅದಕ್ಕೆ ಉತ್ತರವಾಗಿ. ಆ ಪತ್ರ ನಿನ್ನ ಬಳಿ ಇದೆಯೇ? ಅದರಲ್ಲಿ ಏನಿದೆ?

ನಿನ್ನ ಭಾವ


ಮಾರ್ಚ್ 14

ಭಾವನವರಿಗೆ,

ಅಕ್ಕನ ಪತ್ರಗಳೆಲ್ಲ ಇವೆ, ತಗಡಿನ ಪೆಟ್ಟಿಗೆಯಲ್ಲಿ ವರ್ಷವಾರು ಕಟ್ಟಿಟ್ಟಿದ್ದೇನೆ. ನೀವು ಕೇಳಿದ್ದು ದೊಡ್ಡ ಪತ್ರವೇನಲ್ಲ, ಅರ್ಧ ಪುಟ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ:

‘ತಮ್ಮನಿಗೆ, ಇಲ್ಲಿ ಎಲ್ಲ ಕ್ಷೇಮ. ನಿನ್ನ ಕಣ್ಣಿನ ಕಟ್ಟು ಬಿಚ್ಚಿದರೆಂದು ತಿಳಿಯಿತು. ಇವರಿಗೆ ತೂಕದ ಕಟ್ಟೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದೆ, ಇನ್ನು ಲೇತ್ ಮುಟ್ಟುವುದಿಲ್ಲ ಅನ್ನುತ್ತಾರೆ. ಅಂಥ ಹೊತ್ತಿನಲ್ಲಿ ನಿನ್ನನ್ನೂ ಅಪ್ಪನನ್ನೂ ಬಿಟ್ಟು ಬಂದೆನೆಂದು ಬಹಳ ಕೊರಗುತ್ತಾರೆ. ನೀನು ಏನೂ ಕೇಳಬೇಡ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಒಂದು ಸಾಲು ಬರೆದು ಹಾಕು. ಅಷ್ಟು ಮಾಡು. ಇವರೂ ಕೇಳಿದ್ದಾರೆ. ನಿನ್ನ ಅಕ್ಕ.’

ಅವಳು ಹೇಳಿದಂತೆ ಬರೆದೆ. ಕೆಲಸ ಬಿಟ್ಟದ್ದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೀರೆಂದರೆ ನಿಮ್ಮದೂ ಒಂದು ಹಟವೇ. ಹೆದರಿ ಬಿಟ್ಟವರು ನೀವೊಬ್ಬರೇ ಅಲ್ಲ.

ಉಳಿ ಕಚ್ಚಿದ್ದಕ್ಕೆ ಯೋಚನೆ ಬೇಡ. ಇಪ್ಪತ್ತೆಂಟರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನು ಪಕ್ಕದಲ್ಲಿ ನಿಂತರೆ ಅದು ಕಚ್ಚುವುದಿಲ್ಲ.

ನಿಮ್ಮ ಮೈದುನ


ಮಾರ್ಚ್ 19

ಮೈದುನನಿಗೆ,

ನಿನ್ನ ಪತ್ರ ನಿನ್ನೆ ಬಂತು. ಊಟದ ಮೇಜಿನ ಮೇಲಿಟ್ಟು ಸುತ್ತ ತಿರುಗಿದೆ. ಇವತ್ತು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ, ಲೇತಿನ ಹಲಗೆಯ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯಲು ಕೂತಿದ್ದೇನೆ. ಮೂರು ಹಾಳೆ ಹರಿದೆ. ಮೂರರಲ್ಲೂ ಮೊದಲು ಹವಾಮಾನದ ವಿಷಯ, ಆಮೇಲೆ ಸಾಣೆ ಯಂತ್ರದ ವಿಷಯ, ಆಮೇಲೆ ನಿನ್ನ ಕತ್ತು ನೋವಿನ ವಿಷಯ. ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸಿದ್ದರು, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಎಂದು. ಸ್ಟೇಟ್ ಮಾಡುವುದಕ್ಕೆ ಭಿಕ್ಷೆ ಯಾಕೆ ಬೇಡಬೇಕು ಎಂದು ಆಗ ನಗು ಬಂದಿತ್ತು.

ನಾನು ನಿನ್ನಕ್ಕನ ಕೈಯಲ್ಲಿ ಬರೆಸಿದ್ದು ಅರ್ಧ ಪುಟವಲ್ಲ, ಎರಡು ಹಾಳೆ. ಅವಳು ಮಂಚದ ಮೇಲೆ ಕೂತಿದ್ದಳು, ನಾನು ಅವಳ ಮುಖ ನೋಡಲಾರದೆ ಗೋಡೆಗೆ ತಿರುಗಿ ನಿಂತು ಹೇಳಿದೆ. ಪೆನ್ನಿನ ಸದ್ದು ಕೇಳುತ್ತಿತ್ತು. ಮುಗಿದ ಮೇಲೆ ಮಡಚಿ ಅಂಟಿಸಿದಳು, ನಾನೇ ಅಂಚೆಗೆ ಹಾಕಿದೆ. ಅವಳು ಏನು ಬರೆದಳೆಂದು ನೋಡಲಿಲ್ಲ. ನಿನ್ನ ಉತ್ತರ ಬಂದ ದಿನ ಅದನ್ನು ಓದಿ ಹೇಳಿದವಳೂ ಅವಳೇ. ಆ ಒಂದು ಸಾಲಿನ ಮೇಲೆ ನಾನು ಮೂವತ್ತಾರು ವರ್ಷ ಮಲಗಿದೆ. ಮದುವೆ, ಹೆರಿಗೆ, ಸಾವು ಎಂದು ನೀನು ಬಂದಾಗಲೆಲ್ಲ, ಇವನು ಎಷ್ಟು ದೊಡ್ಡವನು, ಎಲ್ಲ ಗೊತ್ತಿದ್ದೂ ನನ್ನ ಪಕ್ಕದಲ್ಲಿ ಕೂತು ಉಣ್ಣುತ್ತಾನಲ್ಲ ಎಂದುಕೊಂಡೆ.

ನಿನಗೆ ಏನೂ ಗೊತ್ತಿರಲಿಲ್ಲ. ಈಗ ಬರೆಯುತ್ತೇನೆ.

ಅವತ್ತು ಮಾವನವರು ಮುಂಗಟ್ಟಿನಲ್ಲಿ ಮರ ಕೊಯ್ಯುತ್ತಿದ್ದರು. ನೀನು ದೊಡ್ಡ ಲೇತಿನಲ್ಲಿ ಬಟ್ಟಲು ಹಾಕಿದ್ದೆ. ನಾನು ಸಾಣೆಯ ಹತ್ತಿರ ಬಟ್ಟಲ ಉಳಿಯ ಬಾಯಿ ಹರಿತ ಮಾಡುತ್ತಿದ್ದೆ. ನಿನ್ನಕ್ಕ ಚಹಾ ತಂದಳು, ಮದುವೆಯಾಗಿ ಏಳು ತಿಂಗಳು, ಅವಳ ಜೊತೆ ಮಾತಾಡುತ್ತಾ ಉಳಿಯ ಮೇಲಿನ ಗಮನ ಹೋಯಿತು. ನೋಡಿದಾಗ ಬಾಯಿ ಪೂರ್ತಿ ನೀಲಿ. ಮಾವನವರ ಅತಿ ಒಳ್ಳೆಯ ಉಳಿ ಅದು. ಅವಳು ಲೋಟ ತೆಗೆದುಕೊಂಡು ಹೋದ ಮೇಲೆ ಅದನ್ನು ಹೊಟ್ಟಿನ ಬುಟ್ಟಿಯೊಳಗೆ ತಳ್ಳಿದೆ. ಸಂಜೆ ಎಲ್ಲರೂ ಹೋದ ಮೇಲೆ ತೇಯ್ದು ಸರಿಮಾಡೋಣವೆಂದು. ಆದರೆ ಹಲಗೆಯಲ್ಲಿ ಮೂರನೆಯ ತೂತು ಬರಿದಾಗಿ ಕಾಣುತ್ತಿತ್ತು. ಮಾವನವರು ಒಳಗೆ ಕಾಲಿಟ್ಟರೆ ಮೊದಲು ನೋಡುವುದೇ ಹಲಗೆ, ನಿನಗೆ ಗೊತ್ತು. ಎರಡನೆಯ ತೂತು ಕಂಬದ ಮರೆಯಲ್ಲಿತ್ತು, ಬಾಗಿಲಿಂದ ಕಾಣುತ್ತಿರಲಿಲ್ಲ. ಅಗಲದ ಉಳಿಯನ್ನು ಎರಡರಿಂದ ತೆಗೆದು ಮೂರಕ್ಕೆ ನಿಲ್ಲಿಸಿದೆ. ಹಿಡಿಗಳು ಒಂದೇ ಥರ, ಒಂದೇ ಮರದವು.

ನಿನಗೆ ಹೇಳಬೇಕೆಂದುಕೊಂಡೆ. ನಿನ್ನ ಕಡೆ ಒಂದು ಹೆಜ್ಜೆಯನ್ನೂ ಇಟ್ಟೆ. ಅಷ್ಟರಲ್ಲಿ ಮಾವನವರು ಮುಂಗಟ್ಟಿನಿಂದ ನನ್ನನ್ನು ಕೂಗಿದರು, ಅವರೆದುರು ಬಾಯಿ ಬಿಡಲಾಗಲಿಲ್ಲ, ಬಂದು ಹೇಳುತ್ತೇನೆ ಎಂದುಕೊಂಡು ಹೋದೆ. ನೀನು ಮರದಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈ ಚಾಚಿದೆ. ನಿಮ್ಮಪ್ಪ ನಮಗಿಬ್ಬರಿಗೂ ಕಲಿಸಿದ ಹಾಗೆ, ಕಣ್ಣು ಮರದ ಮೇಲೆ, ಕೈ ತೂತಿನ ಮೇಲೆ. ನಾನು ದಿಮ್ಮಿಯ ಒಂದು ತುದಿ ಹಿಡಿದಿದ್ದೆ, ಬಾಗಿಲಿನಿಂದ ನಿನ್ನ ಕೈ ಕಂಡಿತು. ಅದು ಮೂರನೆಯ ತೂತಿಗೆ ಹೋಯಿತು. ಎಣಿಸಿ ನೋಡಿದಂತೆ ಹೋಯಿತು. ಕೂಗಬಹುದಿತ್ತು. ಕೂಗಿದರೆ ಯಾಕೆ ಎಂದು ಮಾವನವರು ಕೇಳುತ್ತಿದ್ದರು.

ಇನ್ನೂ ಒಂದಿದೆ, ಅದನ್ನು ಬರೆಯದಿದ್ದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಮಾವನವರೂ ನಿನ್ನಕ್ಕನೂ ನಿನ್ನನ್ನು ಎತ್ತಿಕೊಂಡು ಓಡಿದರು. ನಾನು ಅಂಗಡಿಗೆ ಬೀಗ ಹಾಕಿ ಬರುತ್ತೇನೆ ಎಂದೆ. ಬೀಗ ಹಾಕುವ ಮೊದಲು ಬುಟ್ಟಿಯಿಂದ ಬಟ್ಟಲ ಉಳಿಯನ್ನು ತೆಗೆದು, ನೀಲಿಯನ್ನು ಕಲ್ಲಿಗೆ ತಿಕ್ಕಿ, ಮೂರನೆಯ ತೂತಿಗೆ ಇಟ್ಟೆ. ನೆಲದ ಮೇಲೆ ನಿನ್ನ ರಕ್ತ ಇನ್ನೂ ಒಣಗಿರಲಿಲ್ಲ, ಅದನ್ನು ದಾಟಿಕೊಂಡು ಹೋಗಿ ಇಟ್ಟೆ. ಮರುದಿನ ಮಾವನವರು ಹಲಗೆ ನೋಡಿದಾಗ ಮೂರನೆಯದು ಇದ್ದಲ್ಲೇ ಇತ್ತು, ಎರಡನೆಯದು ಬರಿದಾಗಿತ್ತು. ಅವರು ಬೇರೇನು ತಿಳಿಯಬೇಕು. ‘ತೂತು ತಪ್ಪಿದವನು’ ಎಂದು ಅವರು ಮೊದಲ ಸಲ ಅಂದಾಗ ನಾನು ಅಲ್ಲಿದ್ದೆ. ಎರಡನೆಯ ಸಲಕ್ಕೂ ಇದ್ದೆ. ಮೂರನೆಯ ಸಲ ಕೇಳಲಾರದೆ ಊರು ಬಿಟ್ಟೆ.

ನಿನ್ನ ಕೈ ತಪ್ಪಿರಲಿಲ್ಲ. ನಾಲ್ಕು ಬೆರಳಲ್ಲ, ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಇಷ್ಟು ವರ್ಷ ನೀನು ತಲೆ ತಿರುಗಿಸಿ ತಿರುಗಿಸಿ ನೋಡಿದ್ದೆಲ್ಲ ನನ್ನ ದೆಸೆಯಿಂದ.

ನಿನ್ನಕ್ಕನ ಮೇಲೆ ಕೋಪ ಮಾಡಬೇಡ. ನನಗೂ ಬರುತ್ತಿಲ್ಲ. ಆ ಎರಡು ಹಾಳೆ ಬರೆದು ಕಳಿಸಿದ್ದರೆ ತಮ್ಮನೋ ಗಂಡನೋ ಒಬ್ಬರು ಹೋಗುತ್ತಿದ್ದರು, ಅವಳು ಅರ್ಧ ಪುಟ ಬರೆದು ಇಬ್ಬರನ್ನೂ ಇಟ್ಟುಕೊಂಡಳು. ಚಹಾ ತಂದವಳೂ ಅವಳೇ, ಅದನ್ನೂ ಅವಳು ಎಲ್ಲೋ ಇಟ್ಟುಕೊಂಡಿರಬೇಕು, ನನಗೆ ಒಂದು ದಿನವೂ ಹೇಳಲಿಲ್ಲ. ಈಗ ಇಟ್ಟುಕೊಳ್ಳುವವಳು ಇಲ್ಲ. ನನಗೆ ಅವಳಷ್ಟು ಜಾಣತನವಿಲ್ಲ, ಧೈರ್ಯ ಬಂದಿದೆ ಎಂದೂ ತಿಳಿಯಬೇಡ. ಬಂದಿಲ್ಲ. ಆದರೆ ನೀನು ನನ್ನ ಪಕ್ಕ ಬಂದು ನಿಂತು, ನನಗಾಗಿ ಮಾಡಿದ ಹಲಗೆಯನ್ನು ಗೋಡೆಗೆ ಹೊಡೆದು, ಒಂದೊಂದು ಉಳಿಗೂ ತಲೆ ತಿರುಗಿಸುವುದನ್ನು ನೋಡಿಕೊಂಡು ಎರಡು ವಾರ ಇರುವುದು ಇದಕ್ಕಿಂತ ಹೆಚ್ಚು ಭಯ.

ಇಪ್ಪತ್ತೆಂಟರ ಬೆಳಗಿನ ಬಸ್ಸಿಗೆ ನಿಲ್ದಾಣದಲ್ಲಿ ಇರುತ್ತೇನೆ. ನೀನು ಬರುವುದಿಲ್ಲ ಎಂದು ಬರೆದರೂ ಇರುತ್ತೇನೆ. ಇಳಿಯುವವರೆಲ್ಲ ಇಳಿದು ಬಸ್ಸು ಖಾಲಿಯಾಗುವವರೆಗೆ ನಿಂತಿದ್ದು ಬರುತ್ತೇನೆ. ನೀನು ಬಂದು ನನ್ನ ಕೆನ್ನೆಗೆ ಹೊಡೆಯುವುದಾದರೆ ಅದಕ್ಕೂ ಬಾ. ಮಗಳಿಗೆ ಇನ್ನೂ ಹೇಳಿಲ್ಲ, ಅವಳ ಕಣ್ಣಲ್ಲಿ ನಾನು ಹೇಗಿರುತ್ತೇನೋ ಎನ್ನುವುದು ಬೇರೆಯದೇ ದಿಗಿಲು, ಅದು ನಾಳೆಗೆ. ಬಟ್ಟಲ ಉಳಿಯ ವಿಷಯದಲ್ಲಿ ಇನ್ನೂ ಏನೋ ಬರೆಯಬೇಕೆಂದಿತ್ತು, ಮಾವನವರು ಅದನ್ನು ಮುಂದೆ ಎಷ್ಟು ವರ್ಷ

ಸಾಲು ಕಾಣುತ್ತಿಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ, ಬರೆಯುವ ಭರದಲ್ಲಿ ಗೊತ್ತೇ ಆಗಲಿಲ್ಲ. ಅಂಚೆಡಬ್ಬಿ ರಸ್ತೆಯಾಚೆ ಇದೆ, ಸಂಜೆಯ ಕೊನೆಯ ಸಲ ಕಾಗದ ತೆಗೆಯುವವನು ಇನ್ನೂ ಬಂದಿಲ್ಲ. ದೀಪ ಹಾಕಿದರೆ ಇದನ್ನು ಮೊದಲಿನಿಂದ ಓದುತ್ತೇನೆ. ಓದಿದರೆ ಹರಿಯುತ್ತೇನೆ. ದೀಪ ಹಾಕುವುದಿಲ್ಲ.

ನಿನ್ನ ಭಾವ